ಪನೀರ್ ಜಾಗದಲ್ಲಿ ಟೋಫು: ಸೋಯಾ ಎಷ್ಟು ತಿನ್ನಬಹುದು, ಹೇಗೆ ಮಾಡಬೇಕು?

ಡೊಂಬಿವಲಿ ಗೃಹಿಣಿ:
ಎಲ್ಲರಿಗೂ ನಮಸ್ಕಾರ. ಯಜಮಾನರ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಜಾಸ್ತಿ ಬಂದಿದೆ. ಮಾತ್ರೆ ಶುರು ಮಾಡುವ ಮೊದಲು ಮೂರು ತಿಂಗಳು ಊಟ ಬದಲಿಸಿ ನೋಡೋಣ ಅಂದಿದ್ದಾರೆ ಡಾಕ್ಟರು. ನಾವು ಸಸ್ಯಾಹಾರಿಗಳು. ಮಕ್ಕಳಿಗೆ ಪ್ರೋಟೀನ್ ಸಿಗಲಿ ಅಂತ ಪನೀರ್ ತರುವುದು ರೂಢಿಯಾಗಿಬಿಟ್ಟಿದೆ. ಅದನ್ನು ಕಡಿಮೆ ಮಾಡಿ ಸೋಯಾದಿಂದ ಮಾಡಿದ ಟೋಫು ಬಳಸಿ ಅಂತ ಸಲಹೆ ಬಂತು. ಪನೀರ್ ಬಟರ್ ಮಸಾಲಾ ಮಾಡುವ ಹಾಗೆಯೇ ಮಾಡಿದೆ. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯ. ಅತ್ತೆಗೆ ಥೈರಾಯ್ಡ್ ಇದೆ, ದಿನಾ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೋಯಾ ತಿಂದರೆ ಥೈರಾಯ್ಡ್ ಕೆಡುತ್ತದೆ, ಗಂಡಸರಿಗೆ ಹೆಂಗಸರ ಹಾರ್ಮೋನ್ ಬರುತ್ತದೆ ಅಂತ ಅವರ ಭಜನಾ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿದೆಯಂತೆ. ನಮ್ಮದು ಎಲ್ಲರೂ ಒಂದೇ ಅಡುಗೆ ಉಣ್ಣುವ ಮನೆ. ಒಬ್ಬೊಬ್ಬರಿಗೆ ಒಂದೊಂದು ಮಾಡಲು ಆಗಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ವಾಸ್ಕೋ ಹುಬ್ಬಳ್ಳಿಯವ:
ಗಂಡಸರ ಮಾತಿಗೆ ಮೊದಲು ನಾನೇ ಉತ್ತರ ಕೊಡ್ತೀನಿ ಅಕ್ಕಾವ್ರೇ. ವ್ಯಾಯಾಮ ಶುರು ಮಾಡಿದಾಗಿನಿಂದ ಸೋಯಾ ಚಂಕ್ಸ್ ತಿನ್ನುತ್ತಿದ್ದೇನೆ. ನಮ್ಮ ಕಡೆ ಮೀಲ್ ಮೇಕರ್ ಅಂತಾರಲ್ಲ, ಅದೇ. ಒಣಗಿದ ಚಂಕ್ಸ್ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ 30 ಗ್ರಾಂ ನೆನೆಸಿದರೆ ಬಟ್ಟಲು ತುಂಬುತ್ತದೆ, ಜೇಬಿಗೂ ಭಾರವಿಲ್ಲ. ಗೋವಾದಲ್ಲಿ ಮೀನು ತಿನ್ನದವರಿಗೆ ಹೊರಗೆ ಊಟದಲ್ಲಿ ಪ್ರೋಟೀನ್ ಸಿಗುವುದು ಕಷ್ಟ. ಹೋಟೆಲಿನ ಥಾಲಿಯಲ್ಲಿ ಅನ್ನ, ತೆಳ್ಳನೆ ಬೇಳೆ, ಒಂದು ಬಟಾಟೆ ಪಲ್ಯ, ಮುಗೀತು. ಹಾಗಾಗಿ ನನಗೆ ಸೋಯಾ ಬೇಕೇ ಬೇಕು. ಹಾರ್ಮೋನ್ ವಿಷಯವನ್ನು ತಿಳಿದವರು ವಿವರವಾಗಿ ಹೇಳಲಿ, ನನಗೂ ಬೇಕು.

ಕೊಥ್ರೂಡ್ ಡಯಟೀಷಿಯನ್:
ನಾನು ಪುಣೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಈ ಪ್ರಶ್ನೆಗಳು ನನ್ನ ಬಳಿ ಮರಾಠಿಯಲ್ಲೂ ಬರುತ್ತವೆ, ಕನ್ನಡದಲ್ಲೂ ಬರುತ್ತವೆ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಮಾತು. ಟೋಫುವನ್ನು ಪನೀರ್ ಅಂತ ನೋಡುವುದನ್ನು ಬಿಡಿ, ಕಾಳು ಅಂತ ನೋಡಿ. ಅದು ಸೋಯಾ ಕಾಳಿನ ಹಾಲನ್ನು ಒಡೆಸಿ, ಒತ್ತಿ ಮಾಡಿದ್ದು. ನಿಮ್ಮ ಅರ್ಧ ಗೊಂದಲ ಇಲ್ಲೇ ಹೋಗುತ್ತದೆ. ಗಟ್ಟಿ ಟೋಫು 100 ಗ್ರಾಂ ತಿಂದರೆ 12ರಿಂದ 15 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೆತ್ತಗಿನದರಲ್ಲಿ ಕಡಿಮೆ, ನೀರು ಜಾಸ್ತಿ. ಪನೀರ್‌ನಲ್ಲಿ ಪ್ರೋಟೀನ್ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಆದರೆ ಜೊತೆಗೆ 20 ಗ್ರಾಂ ಮೇಲೆ ಕೊಬ್ಬು ಬರುತ್ತದೆ, ಅದರಲ್ಲಿ ಬಹುಪಾಲು ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯದು. ಟೋಫುವಿನಲ್ಲಿ ಆ ಬಗೆಯ ಕೊಬ್ಬು ಬಹಳ ಕಡಿಮೆ, ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ನಿಮ್ಮ ಯಜಮಾನರಿಗೆ ಲಾಭ ಬರುವುದು ಮುಖ್ಯವಾಗಿ ಇದರಿಂದ. ಸೋಯಾ ಪ್ರೋಟೀನ್ ತಾನಾಗಿಯೂ ಎಲ್‌ಡಿಎಲ್ ಇಳಿಸುತ್ತದೆ, ಆದರೆ ಶೇಕಡಾ 3-4ರಷ್ಟು ಮಾತ್ರ. ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನ್ ಹೃದಯಕ್ಕೆ ಒಳ್ಳೆಯದು ಅಂತ ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಪುರಾವೆ ಅಷ್ಟು ಗಟ್ಟಿ ಇಲ್ಲ ಅಂತ 2017ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಪ್ರಸ್ತಾವ ಅವರೇ ಇಟ್ಟರು. ಆದ್ದರಿಂದ ಟೋಫು ತಿಂದು, ಮೇಲೆ ಬೆಣ್ಣೆ, ಕ್ರೀಮು ಸುರಿದರೆ ವರದಿ ಬದಲಾಗುವುದಿಲ್ಲ. ಪನೀರಿನ ಜಾಗಕ್ಕೆ ಬಂದರೆ ಮಾತ್ರ ಉಪಯೋಗ, ಪನೀರ್ ಜೊತೆಗೆ ಬಂದರೆ ಅಲ್ಲ.

ಈಗ ಗಂಡಸರ ಭಯ. ಸೋಯಾದಲ್ಲಿ ಐಸೋಫ್ಲೇವೋನ್ ಅನ್ನುವ ಅಂಶಗಳಿವೆ. ಜೆನಿಸ್ಟೀನ್, ಡೈಡ್ಜೀನ್ ಅಂತ ಅವುಗಳ ಹೆಸರು. ರಚನೆಯಲ್ಲಿ ಹೆಂಗಸರ ಹಾರ್ಮೋನಾದ ಈಸ್ಟ್ರೋಜೆನ್ ಅನ್ನು ಹೋಲುತ್ತವೆ, ಕೆಲಸದಲ್ಲಿ ಅದಕ್ಕಿಂತ ತುಂಬಾ ದುರ್ಬಲ. 2008ರಲ್ಲಿ ಒಂದು ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. 60 ವರ್ಷದ ಒಬ್ಬರಿಗೆ ಎದೆ ಊದಿಕೊಂಡಿತ್ತು. ಅವರು ದಿನಕ್ಕೆ ಹೆಚ್ಚುಕಡಿಮೆ ಮೂರು ಲೀಟರ್ ಸೋಯಾ ಹಾಲು ಕುಡಿಯುತ್ತಿದ್ದರು! ನಿಲ್ಲಿಸಿದ ಮೇಲೆ ಸರಿಹೋಯಿತು. ಇಂಥ ಒಂದೆರಡು ಪ್ರಕರಣಗಳೇ ಸುತ್ತಿ ಸುತ್ತಿ ವಾಟ್ಸಾಪ್‌ಗೆ ಬರುತ್ತವೆ. 2021ರಲ್ಲಿ ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸೋಯಾದಿಂದ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಯಲೂ ಇಲ್ಲ, ಈಸ್ಟ್ರೋಜೆನ್ ಏರಲೂ ಇಲ್ಲ. ವಾಸ್ಕೋದವರು ನೆಮ್ಮದಿಯಿಂದ ತಿನ್ನಬಹುದು.

ಅತ್ತೆಯವರ ವಿಷಯ ಬೇರೆ, ಅಲ್ಲಿ ನಿಜವಾಗಿ ಗಮನ ಬೇಕು. ಆರೋಗ್ಯವಾಗಿರುವವರಿಗೆ, ಅಯೋಡಿನ್ ಉಪ್ಪು ಬಳಸುವವರಿಗೆ ಸೋಯಾದಿಂದ ಥೈರಾಯ್ಡ್ ಕಾಯಿಲೆ ಬರುವುದಿಲ್ಲ. ಆದರೆ ಥೈರಾಯ್ಡ್ ಮಾತ್ರೆಯ ಜೊತೆಜೊತೆಗೇ ಸೋಯಾ ಹೊಟ್ಟೆಗೆ ಹೋದರೆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗಬಹುದು. ಅವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ತೆಗೆದುಕೊಳ್ಳಲಿ. ಸೋಯಾ ಮಧ್ಯಾಹ್ನದ ಊಟಕ್ಕೋ ರಾತ್ರಿಗೋ ಇರಲಿ, ನಡುವೆ ನಾಲ್ಕು ಗಂಟೆ ಅಂತರ ಸಿಗಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ. ದಿನಾ ಸೋಯಾ ತಿನ್ನಲು ಹೊಸದಾಗಿ ಶುರು ಮಾಡಿದರೆ ಅವರ ಡಾಕ್ಟರಿಗೆ ತಿಳಿಸಿ, ಆರೆಂಟು ವಾರದ ನಂತರ ಥೈರಾಯ್ಡ್ ಮಟ್ಟ ತಿಳಿಸುವ ಟಿಎಸ್ಎಚ್ ರಕ್ತ ಪರೀಕ್ಷೆ ಮಾಡಿಸಿ. ಅವರಿಗಾಗಿ ಬೇರೆ ಅಡುಗೆ ಬೇಕಾಗಿಲ್ಲ.

ಮುಲುಂಡ್ ಹಿರಿಯ:
ಇಷ್ಟೆಲ್ಲ ಓದಿದೆ. ನನ್ನದೊಂದು ಪ್ರಶ್ನೆ. ನಮ್ಮಲ್ಲಿ ತೊಗರಿ ಇದೆ, ಹುರುಳಿ ಇದೆ, ಅವರೆ ಇದೆ, ಅಲಸಂದೆ ಇದೆ, ಹೆಸರಿದೆ. ನಮ್ಮ ತಾಯಿ ಹುರುಳಿ ಕಟ್ಟಿನ ಸಾರು ಮಾಡಿದರೆ ಬೀದಿಗೆಲ್ಲ ಪರಿಮಳ. ಎಲ್ಲಿಯದೋ ಚೀನಾದ, ಜಪಾನಿನ ಆಹಾರಕ್ಕೆ ನಾವು ಯಾಕೆ ಕೈ ಚಾಚಬೇಕು? ಸೂಪರ್‌ಮಾರ್ಕೆಟ್‌ನವರ ವ್ಯಾಪಾರ ಇದು ಅನ್ನಿಸುತ್ತದೆ.

ಚಿಂಚವಡ, ಬೀದರ್ ಮೂಲ:
ಹಿರಿಯರೇ, ತಪ್ಪು ತಿಳಿಯಬೇಡಿ. ಸೋಯಾ ಈಗ ನಮ್ಮ ಹೊಲದ್ದೇ ಬೆಳೆ. ಬೀದರ್, ಬೆಳಗಾವಿ, ಧಾರವಾಡದ ಕಡೆ ಮುಂಗಾರಿನಲ್ಲಿ ನೋಡಿದರೆ ಎಕರೆಗಟ್ಟಲೆ ಸೋಯಾ. ಗಡಿ ದಾಟಿದರೆ ಲಾತೂರು, ಅಲ್ಲಂತೂ ಮಾರುಕಟ್ಟೆಯೇ ಅದರ ಮೇಲೆ ನಿಂತಿದೆ. ದೇಶದಲ್ಲಿ ಸೋಯಾ ಜಾಸ್ತಿ ಬೆಳೆಯುವುದು ಮಧ್ಯಪ್ರದೇಶ, ಮಹಾರಾಷ್ಟ್ರ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ತುಕ್ಕು ರೋಗ ತಡೆಯುವ ಡಿಎಸ್‌ಬಿ 21 ಅನ್ನುವ ತಳಿಯನ್ನೂ ಕೊಟ್ಟಿದ್ದಾರೆ.

ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ನಮ್ಮ ಮನೆಯವರು ಮೂಟೆಗಟ್ಟಲೆ ಸೋಯಾ ಬೆಳೆದರು, ಒಂದು ಹಿಡಿಯೂ ಅಡುಗೆಮನೆಗೆ ಬರಲಿಲ್ಲ. ಎಲ್ಲ ಎಣ್ಣೆ ಮಿಲ್ಲಿಗೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಕೋಳಿ ಆಹಾರಕ್ಕೆ. ಕಾಳಿನ ಪ್ರೋಟೀನೆಲ್ಲ ಆ ಹಿಂಡಿಯಲ್ಲೇ ಇರುವುದು! ಬೆಳೆದವನ ಮಕ್ಕಳು ಬಿಳಿ ಅನ್ನ, ಖಾರದ ಪುಡಿ ತಿಂದು ಶಾಲೆಗೆ ಹೋಗುತ್ತಾರೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ನಾವು ಜೋಳದ ಹಿಟ್ಟಿಗೂ ಗೋಧಿ ಹಿಟ್ಟಿಗೂ ಸೋಯಾ ಸೇರಿಸುತ್ತೇವೆ. ಒಂಬತ್ತು ಪಾಲು ಗೋಧಿಗೆ ಒಂದು ಪಾಲು ಸೋಯಾ. ಅದಕ್ಕಿಂತ ಜಾಸ್ತಿ ಹಾಕಿದರೆ ಚಪಾತಿ ಬಿರುಸು, ವಾಸನೆಯೂ ಬರುತ್ತದೆ. ಕಾಳನ್ನು ಹಸಿಯಾಗಿ ಬೀಸಬೇಡಿ. ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ಬಿಸಿಲಿಗೆ ಗರಿಗರಿ ಒಣಗಿಸಿ, ಆಮೇಲೆ ಗಿರಣಿಗೆ ಕೊಡಿ.

ಕೊಥ್ರೂಡ್ ಡಯಟೀಷಿಯನ್:
ಬೀದರಿನವರು ಹೇಳಿದ ಬೇಯಿಸುವ ಮಾತು ಬಹಳ ಮುಖ್ಯ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಇನ್ಹಿಬಿಟರ್ ಅನ್ನುವ ಅಂಶ ಇದೆ. ಅದು ನಮ್ಮ ಹೊಟ್ಟೆಯಲ್ಲಿ ಪ್ರೋಟೀನ್ ಅರಗುವುದನ್ನು ತಡೆಯುತ್ತದೆ. ಚೆನ್ನಾಗಿ ಬೇಯಿಸಿದರೆ ಬಹುಪಾಲು ಹೋಗುತ್ತದೆ. ಗೋಧಿ, ಜೋಳ, ಅಕ್ಕಿಯಲ್ಲಿ ಪ್ರೋಟೀನಿನ ಒಂದು ಅಗತ್ಯ ಅಂಶವಾದ ಲೈಸೀನ್ ಕಡಿಮೆ, ಸೋಯಾದಲ್ಲಿ ಅದು ಜಾಸ್ತಿ. ಹಾಗಾಗಿ ರೊಟ್ಟಿ ಜೊತೆ ಸೋಯಾ ಒಳ್ಳೆಯ ಜೋಡಿ.

ಮುಲುಂಡ್ ಹಿರಿಯರಿಗೆ: ಹುರುಳಿ, ಅವರೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅವು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 50 ಗ್ರಾಂ. ತೆಳ್ಳನೆ ಸಾರು, ಅನ್ನ, ಮಜ್ಜಿಗೆಯಲ್ಲಿ ಅಷ್ಟು ಸಿಗುವುದಿಲ್ಲ. ಕಾಳು ದಪ್ಪವಾಗಿ ಉಣ್ಣುವ ಮನೆಗೆ ಸೋಯಾ ಕಡ್ಡಾಯವೇನಲ್ಲ. ಆದರೆ ಮುಂಬಯಿಯಲ್ಲಿ ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿಯುವವರು ಕಾಳು ನೆನೆಸಿ, ಮೊಳಕೆ ಕಟ್ಟಿ, ಕುಕ್ಕರ್ ಕೂಗಿಸುವುದು ದಿನಾ ಆಗುವ ಮಾತಾ? ಟೋಫು ಹತ್ತು ನಿಮಿಷದ ಕೆಲಸ.

ಸೋಯಾ ನಮ್ಮಲ್ಲಿ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಗಾಂಧೀಜಿ 1935ರಲ್ಲಿ ವರ್ಧಾದ ಮಗನವಾಡಿಯಲ್ಲಿ ಸೋಯಾ ಕಾಳನ್ನು ಊಟದಲ್ಲಿ ಸೇರಿಸಿ ಪ್ರಯೋಗ ಮಾಡಿ, ಅದರ ಬಗ್ಗೆ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಬರೆದಿದ್ದರು. ಈಶಾನ್ಯದಲ್ಲಂತೂ ತಲೆತಲಾಂತರದಿಂದ ಇದೆ. ನಾಗಾಲ್ಯಾಂಡಿನ ಆಖುನಿ, ಮಣಿಪುರದ ಹವಾಯಿಜಾರ್, ಸಿಕ್ಕಿಂನ ಕಿನೆಮಾ, ಮೇಘಾಲಯದ ತುಂಗ್ರಿಂಬಾಯ್, ಎಲ್ಲವೂ ಹುದುಗಿಸಿದ ಸೋಯಾ.

ಮುಲುಂಡ್ ಹಿರಿಯ:
ವರ್ಧಾದ ವಿಷಯ ಗೊತ್ತಿರಲಿಲ್ಲ. ಸರಿ. ನನಗೆ ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಇದೆ, ಬೇಳೆಕಾಳೇ ಬೇಡ ಅಂದಿದ್ದಾರೆ ಒಬ್ಬರು. ಟೋಫು ನಡೆಯುತ್ತದಾ?

ಕೊಥ್ರೂಡ್ ಡಯಟೀಷಿಯನ್:
ಯೂರಿಕ್ ಆಸಿಡ್ ಆಗುವುದು ಆಹಾರದ ಪ್ಯೂರಿನ್ ಅನ್ನುವ ಅಂಶದಿಂದ. ಕಾಳಿನ ಪ್ಯೂರಿನ್ ಮಾಂಸ, ಮೀನಿನ ಪ್ಯೂರಿನ್ ಹಾಗೆ ತೊಂದರೆ ಕೊಡುವುದಿಲ್ಲ. ಸಿಂಗಾಪುರದಲ್ಲಿ ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದಲ್ಲಿ ಸೋಯಾ ತಿನ್ನುವವರಿಗೆ ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲುಬೇನೆ) ಕಡಿಮೆಯೇ ಕಂಡಿತು. ಸಾಮಾನ್ಯ ಪ್ರಮಾಣದಲ್ಲಿ ಟೋಫು ತಿನ್ನಿ, ನೀರು ಚೆನ್ನಾಗಿ ಕುಡಿಯಿರಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತ್ರ ಪ್ರೋಟೀನ್ ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಹಾಗೆಯೇ, ಕೆಲವರಿಗೆ ಸೋಯಾ ಅಲರ್ಜಿ ಇರುತ್ತದೆ. ಅಂಥವರು ಬಿಸ್ಕತ್ತು, ಬ್ರೆಡ್ಡಿನ ಪೊಟ್ಟಣವನ್ನೂ ಓದಬೇಕು.

ಮಾಟುಂಗಾ ಹೋಟೆಲಿನವರು:
ಆರೋಗ್ಯದ ಮಾತು ತಿಳಿದವರು ಹೇಳಿಯಾಯಿತು. ಅಡುಗೆಯ ಮಾತು ನನಗೆ ಬಿಡಿ. ಉಡುಪಿ ಕಡೆಯಿಂದ ಬಂದು ಮಾಟುಂಗಾದಲ್ಲಿ ಹೋಟೆಲ್ ಅಡುಗೆ ಮನೆಯಲ್ಲೇ ಬದುಕು ಕಳೆದವನು. ಈಗ ಮನೆಯಲ್ಲಿ ಟೋಫು ನಾನೇ ಮಾಡುತ್ತೇನೆ. ಪೊಟ್ಟಣದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಕಾಲು ಕಿಲೋ ಹಳದಿ ಸೋಯಾ ಕಾಳು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ತೇಲುತ್ತದೆ, ಬಸಿದುಬಿಡಿ. ರುಬ್ಬುವಾಗ ತಣ್ಣೀರು ಹಾಕಬೇಡಿ, ಕುದಿಯುವ ನೀರೇ ಹಾಕಿ. ಸೋಯಾದ ಆ ಹಸಿ ವಾಸನೆ ಹುಟ್ಟುವುದು ಕಾಳು ಒಡೆದ ಕ್ಷಣದಲ್ಲಿ, ಬಿಸಿನೀರು ಅದನ್ನು ತಡೆಯುತ್ತದೆ. ಎಲ್ಲ ಸೇರಿ ಎರಡು ಲೀಟರ್ ನೀರು ಹಿಡಿಯುತ್ತದೆ. ಹಳೆಯ ಮಲ್ಲು ಪಂಚೆಯ ತುಂಡಿನಲ್ಲಿ ಸೋಸಿ ಗಟ್ಟಿಯಾಗಿ ಹಿಂಡಿ. ಹಾಲನ್ನು ದೊಡ್ಡ ಪಾತ್ರೆಯಲ್ಲಿ ಇಡಿ, ಯಾಕೆಂದರೆ ನೊರೆ ಒಮ್ಮೆಲೇ ಮೇಲೆ ಬರುತ್ತದೆ, ಹಸುವಿನ ಹಾಲಿಗಿಂತ ಜೋರು. ಪಕ್ಕದಿಂದ ಕದಲಬೇಡಿ. ತಳ ಹಿಡಿಯದಂತೆ ಕೈಯಾಡಿಸುತ್ತಾ ಹತ್ತು ನಿಮಿಷ ಕುದಿಯಲಿ.

ಒಲೆ ಆರಿಸಿ ಐದು ನಿಮಿಷ ಬಿಡಿ. ಮೂರು ಚಮಚ ನಿಂಬೆರಸಕ್ಕೆ ಅರ್ಧ ಲೋಟ ನೀರು ಬೆರೆಸಿ. ಒಮ್ಮೆಲೇ ಸುರಿದರೆ ಟೋಫು ಪುಡಿಪುಡಿಯಾಗುತ್ತದೆ. ಮೂರು ಸಲ ಹಾಕಿ, ಪ್ರತಿ ಸಲ ಸೌಟನ್ನು ಮೆಲ್ಲಗೆ ಒಂದು ಸುತ್ತು, ಅಷ್ಟೇ. ಮುಚ್ಚಿಡಿ. ತೆರೆದು ನೋಡಿದಾಗ ಮೋಡದಂಥ ಗಟ್ಟಿ ಒಂದೆಡೆ, ತಿಳಿಹಳದಿ ನೀರು ಒಂದೆಡೆ ಇರಬೇಕು. ನೀರು ಇನ್ನೂ ಹಾಲಿನ ಬಣ್ಣ ಇದ್ದರೆ ಇನ್ನೊಂದು ಚಮಚ ಹುಳಿ ಬೇಕು ಅಂತ ಅರ್ಥ. ಬಟ್ಟೆಯಲ್ಲಿ ಕಟ್ಟಿ, ಮೇಲೆ ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಚೊಂಬು. ಅರ್ಧ ಗಂಟೆ. ಆಮೇಲೆ ತಣ್ಣೀರಿನಲ್ಲಿ ಬಿಟ್ಟರೆ ಹುಳಿ ಹೋಗುತ್ತದೆ. 350-400 ಗ್ರಾಂ ಸಿಗುತ್ತದೆ.

ಹಿಂಡಿದ ಮೇಲೆ ಉಳಿಯುವ ಗಸಿಯನ್ನು ಬಿಸಾಡಬೇಡಿ. ಅದರ ತುಂಬ ನಾರು. ಕಡಲೆಬೇಳೆ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಸೇರಿಸಿ ಕಾವಲಿಯ ಮೇಲೆ ತಟ್ಟಿ ಬೇಯಿಸಿ. ಗಸಿಯೂ ಪೂರ್ತಿ ಬೇಯಬೇಕು, ಮರೆಯಬೇಡಿ.

ಡೊಂಬಿವಲಿ ಗೃಹಿಣಿ:
ಎಷ್ಟು ಚೆನ್ನಾಗಿ ಹೇಳಿದಿರಿ! ಸಪ್ಪೆ ಅನ್ನುವುದೇ ನಮ್ಮ ಮನೆಯಲ್ಲಿ ದೊಡ್ಡ ದೂರು. ಅದಕ್ಕೇನು ಮಾಡಲಿ?

ಮಾಟುಂಗಾ ಹೋಟೆಲಿನವರು:
ಟೋಫು ತಾನಾಗಿ ರುಚಿ ಕೊಡುವುದಿಲ್ಲ, ನೀವು ಕೊಟ್ಟ ರುಚಿ ಹಿಡಿಯುತ್ತದೆ. ಕೆನೆ ಗ್ರೇವಿ ಅದಕ್ಕೆ ಹೊಂದುವುದಿಲ್ಲ. ಹುಳಿ, ಖಾರ, ಬೆಲ್ಲ ಬೇಕು. ಹೋಳು ಮಾಡಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಡಿ. ಒಳಗಿನ ನೀರು ಹೊರಗೆ ಬಂದು ಉಪ್ಪು ಒಳಗೆ ಇಳಿಯುತ್ತದೆ. ಬಟ್ಟೆಯಲ್ಲಿ ಒತ್ತಿ, ಕಬ್ಬಿಣದ ಕಾವಲಿಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವ ತನಕ ಕಾಯಿಸಿ. ಆಮೇಲೆ ಮೆಂತ್ಯ, ಒಣಮೆಣಸು, ಕೊತ್ತಂಬರಿ ಹುರಿದು ಮಾಡಿದ ಹುಣಸೆ ಗೊಜ್ಜಿಗೆ ಹಾಕಿ. ಮರುದಿನ ಇನ್ನೂ ರುಚಿ. ಮಕ್ಕಳಿಗೆ ಪುಡಿ ಮಾಡಿ ಭುರ್ಜಿ ಮಾಡಿ, ಪಾವ್ ಬದಲು ಚಪಾತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಸೋಯಾ ಚಂಕ್ಸ್ ಆದರೆ ತೆಂಗಿನಕಾಯಿ ಸುಕ್ಕ ಮಾಡಿ. ಬಿಸಿನೀರಿನಲ್ಲಿ ನೆನೆಸಿ ಎರಡು ಸಲ ಹಿಂಡಿ, ಆ ನೀರು ಚೆಲ್ಲಿ.

ಠಾಣೆ ಮಗಳು:
ನನ್ನ ಪ್ರಶ್ನೆ ಸ್ವಲ್ಪ ಗಂಭೀರ. ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದಿದೆ. ಈಗ ಕಾಯಿಲೆ ಮರುಕಳಿಸದಿರಲು, ಈಸ್ಟ್ರೋಜೆನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಸೋಯಾ ಹೆಸರು ಕೇಳಿದರೇ ಹೆದರುತ್ತಾರೆ. ಬಿಸ್ಕತ್ತಿನಲ್ಲಿ ಹಿಟ್ಟು, ಎಣ್ಣೆ ಹೊಂದಿಸಲು ಹಾಕುವ ಸೋಯಾ ಲೆಸಿಥಿನ್ ಅಂತ ನೋಡಿ ಅದನ್ನೂ ಬಿಟ್ಟರು. ಊಟವೇ ಕಡಿಮೆಯಾಗಿ ತುಂಬಾ ಸೊರಗಿದ್ದಾರೆ.

ಕೊಥ್ರೂಡ್ ಡಯಟೀಷಿಯನ್:
ಅಮ್ಮನ ಭಯ ಅರ್ಥವಾಗುತ್ತದೆ. ಮೊದಲು ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಿಂದ ವೈದ್ಯರಿಗೂ ಈ ಅನುಮಾನ ಇತ್ತು. ಆಮೇಲೆ ಹೆಂಗಸರ ಮೇಲೆಯೇ ಅಧ್ಯಯನಗಳಾದವು. ಶಾಂಘೈನಲ್ಲಿ ಸ್ತನ ಕ್ಯಾನ್ಸರಿನಿಂದ ಬದುಕಿ ಬಂದ 5,042 ಹೆಂಗಸರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ಕಾಯಿಲೆ ಮರುಕಳಿಸಿದ್ದೂ ಸಾವೂ ಕಡಿಮೆ ಇತ್ತು. ಟಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದವರಿಗೂ ತೊಂದರೆ ಕಾಣಲಿಲ್ಲ. ಟೋಫು, ಕಾಳು, ಸೋಯಾ ಹಾಲು ಸುರಕ್ಷಿತ ಅಂತ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯೂ ಹೇಳುತ್ತದೆ. ಆದರೆ ಐಸೋಫ್ಲೇವೋನ್ ಮಾತ್ರೆ, ಕ್ಯಾಪ್ಸೂಲ್ ಬೇಡವೇ ಬೇಡ. ಆಹಾರಕ್ಕೂ ಮಾತ್ರೆಗೂ ಬಹಳ ವ್ಯತ್ಯಾಸ ಇದೆ. ಬಿಸ್ಕತ್ತಿನ ಲೆಸಿಥಿನ್ ಬಗ್ಗೆ ಚಿಂತೆ ಖಂಡಿತ ಬೇಡ. ಮುಂದಿನ ಭೇಟಿಯಲ್ಲಿ ಕ್ಯಾನ್ಸರ್ ಡಾಕ್ಟರ ಬಾಯಿಂದಲೇ ಅಮ್ಮನಿಗೆ ಇದನ್ನು ಹೇಳಿಸಿ, ಅವರಿಗೆ ಧೈರ್ಯ ಬರುತ್ತದೆ. ಅವರು ಚೆನ್ನಾಗಿ ಊಟ ಮಾಡುವುದು ಈಗ ಎಲ್ಲಕ್ಕಿಂತ ಮುಖ್ಯ.

ಠಾಣೆ ಮಗಳು:
ತುಂಬಾ ಧನ್ಯವಾದ. ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ.

ಮಡಗಾಂವ್ ಶಿಕ್ಷಕಿ:
ಗೋವಾದಲ್ಲಿ ಈಗ ಟೆಂಪೆಯೂ ಅಲ್ಲಲ್ಲಿ ಸಿಗುತ್ತದೆ. ಇಂಡೋನೇಷ್ಯಾದ ಜಾವಾ ದ್ವೀಪದ್ದು, ಬೇಯಿಸಿದ ಸೋಯಾ ಕಾಳನ್ನು ಬೂಷ್ಟಿನಿಂದ ಹುದುಗಿಸಿದ್ದು. ಇಡೀ ಕಾಳು ಇರುವುದರಿಂದ ನಾರೂ ಉಳಿಯುತ್ತದೆ. ತೆಳ್ಳಗೆ ಕೊಯ್ದು ರವೆಯಲ್ಲಿ ಹೊರಳಿಸಿ ಕಾಯಿಸಿದರೆ ನಮ್ಮ ಮನೆಯಲ್ಲಿ ಉಳಿಯುವುದೇ ಇಲ್ಲ.

ಆದರೆ ಇಲ್ಲಿನ ಸೆಖೆಗೆ ಟೋಫು ಬೇಗ ಕೆಡುತ್ತದೆ. ಪೊಟ್ಟಣ ಒಡೆದ ಮೇಲೆ ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನಾ ನೀರು ಬದಲಿಸಿ, ಮೂರ್ನಾಲ್ಕು ದಿನದಲ್ಲಿ ಮುಗಿಸುತ್ತೇನೆ. ಲೋಳೆ ಬಂದರೆ, ಹುಳಿ ವಾಸನೆ ಬಂದರೆ ಎಸೆಯುವುದೇ. ಒಂದು ಸಂದೇಹ: ಚಾತುರ್ಮಾಸ್ಯದ ದ್ವಿದಳ ವ್ರತದ ತಿಂಗಳಲ್ಲಿ ನಮ್ಮ ಮನೆಯಲ್ಲಿ ಬೇಳೆಕಾಳು ಬಿಡುತ್ತೇವೆ. ಆಗ ಟೋಫು?

ಮುಲುಂಡ್ ಹಿರಿಯ:
ಇದಕ್ಕೆ ನಾನು ಹೇಳಬಲ್ಲೆ. ಕಾಳಿನಿಂದ ಬಂದದ್ದು ಅಂದ ಮೇಲೆ ಅದೂ ದ್ವಿದಳವೇ. ಆ ತಿಂಗಳು ಬಿಡಬೇಕು.

ವಾಸ್ಕೋ ಹುಬ್ಬಳ್ಳಿಯವ:
ಕಡ್ಡಿಗೆ ಸುತ್ತಿ ಮಾಡುವ ಸೋಯಾ ಚಾಪ್ ಬಗ್ಗೆ ಯಾರೂ ಹೇಳಲಿಲ್ಲ. ಪುಣೆ, ಮುಂಬಯಿಯಲ್ಲಿ ಎಲ್ಲಿ ನೋಡಿದರೂ ಮಲಾಯಿ ಚಾಪ್. ಅದೂ ಪ್ರೋಟೀನೇ ಅಲ್ವಾ?

ಕೊಥ್ರೂಡ್ ಡಯಟೀಷಿಯನ್:
ಸಾಮಾನ್ಯವಾಗಿ ಅದರಲ್ಲಿ ಮೈದಾ ಬಹಳ ಇರುತ್ತದೆ, ಮೇಲೆ ಕ್ರೀಮು, ಬೆಣ್ಣೆ. ಅಪರೂಪಕ್ಕೆ ತಿನ್ನಿ. ಸೋಯಾ ಅನ್ನುವ ಹೆಸರಿದ್ದದ್ದೆಲ್ಲ ಒಂದೇ ಅಲ್ಲ. ಸೋಯಾ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲ. ಸೋಯಾ ಸಾಸ್ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ, ಬಿಪಿ ಇರುವವರು ದೂರ ಇರಿ. ಸೋಯಾ ಹಾಲನ್ನು ಅಂಗಡಿಯಲ್ಲಿ ಸೋಯಾ ಡ್ರಿಂಕ್, ಸೋಯಾ ಬೆವರೇಜ್ ಅಂತ ಮಾರುತ್ತಾರೆ. ಸಕ್ಕರೆ ಹಾಕದ್ದು, ಕ್ಯಾಲ್ಸಿಯಂ ಸೇರಿಸಿದ್ದು ನೋಡಿ ತನ್ನಿ. ಟೋಫುವಿನಲ್ಲೂ ಕ್ಯಾಲ್ಸಿಯಂ ಸಲ್ಫೇಟ್ ಹಾಕಿ ಒಡೆಸಿದ್ದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುತ್ತದೆ, ನಿಂಬೆಯಲ್ಲಿ ಒಡೆಸಿದ್ದರಲ್ಲಿ ಕಡಿಮೆ. ವಿಟಮಿನ್ ಬಿ12 ಟೋಫುವಿನಲ್ಲಿ ಸಹಜವಾಗಿ ಸಿಗುವುದಿಲ್ಲ. ಹಾಗಾಗಿ ಡೊಂಬಿವಲಿಯವರು ಪನೀರ್ ಕಡಿಮೆ ಮಾಡಿದರೂ ಮಕ್ಕಳಿಗೆ ಹಾಲು, ಮೊಸರು ನಿಲ್ಲಿಸಬೇಡಿ.

ಡೊಂಬಿವಲಿ ಗೃಹಿಣಿ:
ನಿಲ್ಲಿಸುವುದಿಲ್ಲ. ವಾರದಲ್ಲಿ ಎಷ್ಟು ದಿನ ಮಾಡಲಿ? ನಾಲ್ಕು ಜನಕ್ಕೆ ಎಷ್ಟು ಬೇಕು?

ಕೊಥ್ರೂಡ್ ಡಯಟೀಷಿಯನ್:
ಪನೀರ್ ಮಾಡುತ್ತಿದ್ದ ದಿನಗಳಲ್ಲಿ ಟೋಫು ಮಾಡಿ, ಮೂರು ದಿನ ಸಾಕು. ಒಬ್ಬರಿಗೆ 80-100 ಗ್ರಾಂ. ಉಳಿದ ದಿನ ಹುರುಳಿ, ಕಡಲೆ, ಹೆಸರು. ಮೊದಲ ವಾರ ಸ್ವಲ್ಪವೇ ಮಾಡಿ, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಕರಿದ ತಿಂಡಿ ಕಡಿಮೆ ಮಾಡಿ, ಯಜಮಾನರು ದಿನಾ ಅರ್ಧ ಗಂಟೆ ನಡೆಯಲಿ. ಮೂರು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿ. ಆಗಲೂ ಎಲ್‌ಡಿಎಲ್ ಇಳಿಯದೆ ಡಾಕ್ಟರು ಮಾತ್ರೆ ಬರೆದರೆ ಬೇಡ ಅನ್ನಬೇಡಿ. ಕೆಲವರ ಮೈಯಲ್ಲಿ ಕೊಲೆಸ್ಟ್ರಾಲ್ ವಂಶದಿಂದಲೇ ಜಾಸ್ತಿ ಇರುತ್ತದೆ, ಊಟದಿಂದ ಮಾತ್ರ ಇಳಿಯುವುದಿಲ್ಲ.

ಚಿಂಚವಡ, ಬೀದರ್ ಮೂಲ:
ಮಾಟುಂಗಾದವರೇ, ಮುಂದಿನ ಸಲ ಊರಿಗೆ ಹೋದಾಗ ನಮ್ಮ ಹೊಲದ ಕಾಳೇ ತರುತ್ತೇನೆ. ಎಣ್ಣೆಗೆ ಬೆಳೆದ ತಳಿಯಿಂದ ಟೋಫು ಆಗುತ್ತದಾ?

ಮಾಟುಂಗಾ ಹೋಟೆಲಿನವರು:
ಧಾರಾಳವಾಗಿ ಆಗುತ್ತದೆ. ಹಳದಿ ಕಾಳು, ಆ ವರ್ಷದ್ದೇ ಇರಲಿ. ಹಳೆಯದಾದರೆ ಹಾಲು ಕಡಿಮೆ ಬರುತ್ತದೆ. ಬಿತ್ತನೆಗೆ ಔಷಧಿ ಸವರಿದ ಕಾಳು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಕಲ್ಲು ಆರಿಸಿ, ಮೂರು ನೀರಿನಲ್ಲಿ ತೊಳೆದು, ಮೊದಲ ಸಲ ಅರ್ಧ ಪಾವು ಹಾಕಿ ನೋಡಿ.